ಇದು ಮಾತಲ್ಲ, ಪ್ರಾಕ್ಟೀಸು

ನಮ್ಮ ಕಾಕಾನಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬರುತ್ತದೆ ಎಂದರೂ ಒಪ್ಪುವುದಿಲ್ಲ. ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಡೀ ನೌಕರಿ ಕಳೆದ ಈ ಮನುಷ್ಯನಿಗೆ ಇಂಗ್ಲಿಷ್ ಕಲಿಸಿದ್ದು ಶಾಲೆಯಲ್ಲ, ನೋಟಿಸ್ ಬೋರ್ಡು. ಹೀಗಾಗಿ ಅವನ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ 'ಚಹಾ ಆಗಿದೆ, ಬನ್ನಿ' ಎಂಬಷ್ಟು ಮಾತು 'ಚಹಾ ಸಿದ್ಧವಾಗಿರುವ ವಿಷಯವನ್ನು ಸಂಬಂಧಪಟ್ಟ ಎಲ್ಲರ ಗಮನಕ್ಕೆ ತರಲಾಗಿದೆ' ಎಂದಾಗುತ್ತದೆ. ಸಂಬಂಧಪಟ್ಟ ಎಲ್ಲರೂ ಎಂದರೆ ನಾನು ಮತ್ತು ಅವನ ಹೆಂಡತಿ ನಮ್ಮ ಕಾಕು, ಇಬ್ಬರೇ.

ಕಾಕಾ ನಮ್ಮಪ್ಪನ ತಮ್ಮ. ಯಾದಗಿರಿ ಕಡೆಯ ಹಳ್ಳಿಯಿಂದ ಮೀಸೆ ಚಿಗುರುವ ವಯಸ್ಸಿನಲ್ಲಿ ಹೈದರಾಬಾದಿಗೆ ಬಂದವನು, ಇಲ್ಲಿಯೇ ನಿವೃತ್ತನಾದವನು. ಬೇಗಂಪೇಟೆಯ ಒಂದು ಆಸ್ಪತ್ರೆಯಲ್ಲಿ ನನಗೆ ನರ್ಸ್ ಕೆಲಸ ಸಿಕ್ಕಾಗ ಬ್ಯಾಗು ಹಿಡಿದು ಅವನ ಮನೆಗೇ ಬಂದೆ. ಮುಂದೆ ಹೊರದೇಶದ ಆಸ್ಪತ್ರೆಗೆ ಹೋಗುವ ಆಸೆ ಹುಟ್ಟಿತು. ಅದಕ್ಕೆ ಇಂಗ್ಲಿಷಿನಲ್ಲಿ ಮಾತಾಡುವ ಪರೀಕ್ಷೆಯೊಂದನ್ನು ಪಾಸು ಮಾಡಬೇಕು. ಪರೀಕ್ಷಕರು ಎದುರು ಕೂತು, ಕೈಗೊಂದು ಚೀಟಿ ಕೊಟ್ಟು, ಅದರಲ್ಲಿರುವ ವಿಷಯದ ಮೇಲೆ ನಿಲ್ಲದೆ ಮಾತಾಡಿ ಎನ್ನುತ್ತಾರೆ. ನಮ್ಮ ಕೋಚಿಂಗ್ ಸರ್ ಪ್ರತಿ ಕ್ಲಾಸಿನ ಕೊನೆಗೆ ಹೇಳುತ್ತಿದ್ದ ಮಂತ್ರ ಒಂದೇ: "ಫ್ರೆಂಡ್ಸ್‌ತೋ ರೋಜೂ ಇಂಗ್ಲಿಷ್‌ಲೋನೇ ಮಾಟ್ಲಾಡಂಡಿ." ಗೆಳೆಯರ ಜೊತೆ ದಿನಾ ಇಂಗ್ಲಿಷಿನಲ್ಲೇ ಮಾತಾಡಿ ಎಂದು. ನನಗೆ ಇದ್ದ ಗೆಳತಿ ಸವಿತಾ ಒಬ್ಬಳೇ. ಅದೇ ಆಸ್ಪತ್ರೆ, ಅದೇ ಪರೀಕ್ಷೆ, ಎರಡು ಗಲ್ಲಿ ಆಚೆ ಮನೆ. ಎಲ್ಲ ಅನುಕೂಲವೇ. ಅಡಚಣೆ ಏನೆಂದರೆ ಅವಳು ಶರಣಪ್ಪ ಮಾಮಾನ ಮಗಳು, ಮತ್ತು ನಮ್ಮ ಕಾಕಾ ಶರಣಪ್ಪ ಮಾಮಾನ ಜೊತೆ ಮಾತು ಬಿಟ್ಟಿದ್ದ.

ಮಾತು ಬಿಟ್ಟಿದ್ದ ಎಂದರೆ ಜಗಳವಾಡಿದ್ದ ಎಂದು ತಿಳಿಯಬೇಡಿ. ಜಗಳವಾಡಿದ್ದರೆ ಮಾತಾದರೂ ಆಗಿರುತ್ತಿತ್ತಲ್ಲ! ಇವರಿಬ್ಬರೂ ಒಂದೇ ತಾಲೂಕಿನವರು. ಹೊಸದರಲ್ಲಿ ಕಾಚಿಗೂಡದ ಒಂದು ರೂಮಿನಲ್ಲಿ ಒಟ್ಟಿಗಿದ್ದವರು, ಒಂದೇ ಕಾರ್ಖಾನೆಗೆ ಸೇರಿದವರು. ಸಂಜೆಯಾದರೆ ಒಬ್ಬರ ಮನೆಯ ಪಡಸಾಲೆಯಲ್ಲಿ ಇನ್ನೊಬ್ಬರ ಚಪ್ಪಲಿ ಇರಲೇಬೇಕು. ಅಂಥವರ ನಡುವೆ ಒಂದು ಮದುವೆ ಬಂತು. ಮಾಮಾನ ಮಗನ ಮದುವೆ. ನಮ್ಮ ಕಡೆ ಮದುವೆಗೆ ಕರೆಯುವುದೆಂದರೆ ಗಂಡಹೆಂಡತಿ ಮನೆಗೆ ಬಂದು, ಕುಂಕುಮ ಹಚ್ಚಿ, ಅಕ್ಷತೆ ಕೊಟ್ಟು, 'ಮಂದಿನೆಲ್ಲಾ ಕರಕೊಂಡು ಮುಂದಾಗಿ ಬರ್ರಿ' ಎಂದು ಕರೆಯಬೇಕು. ಮಾಮಾ ಬರುವುದಕ್ಕಿಂತ ಮೊದಲು ಮದುವೆಯ ಪತ್ರಿಕೆ ಕಾಕಾನ ಮೊಬೈಲಿಗೆ ಬಂತು. ಬಂದದ್ದೂ ಒಂದು ಗುಂಪಿನಲ್ಲಿ. ಅದರಲ್ಲಿ ಹಾಲಿನವನೂ ಇದ್ದ.

"ನನಗೂ ಹಾಲಿನವಗೂ ಒಂದ ಕರೆಯೋಲೆ ಆತೇನು?" ಎಂದು ಕಾಕಾ ಸಿಟ್ಟಾದ. ಖುದ್ದಾಗಿ ಬಂದು ಕರೆಯಲಿ ಎಂದು ಕಾದ. ಮದುವೆಯ ಗಡಿಬಿಡಿಯಲ್ಲಿದ್ದ ಮಾಮಾ, ನಮ್ಮವನೇ ಅಲ್ಲವೇ, ಅವನನ್ನೇನು ಕರೆಯುವುದು, ತಾನೇ ಬಂದು ಪಂಕ್ತಿಯಲ್ಲಿ ಬಡಿಸಲು ನಿಲ್ಲುತ್ತಾನೆ ಎಂದುಕೊಂಡರು. ಕಾಕಾ ಹೋಗಲಿಲ್ಲ. ಉಡುಗೊರೆಯ ಆಹೇರಿಯನ್ನು ಕಾಕುವಿನ ಕೈಯಲ್ಲಿ ಕಳಿಸಿ, ತಾನು ಮನೆಯಲ್ಲಿ ಕೂತು ಉಪ್ಪಿಟ್ಟು ತಿಂದ. ಅಂದಿನಿಂದ ಇಬ್ಬರೂ ಎದುರಾದರೆ ಆಕಾಶ ನೋಡುತ್ತಾರೆ.

ದಸರೆಗೆ ಬನ್ನಿ ಕೊಟ್ಟು ಸರಿಹೋಗುತ್ತಾರೆ ಎಂದು ಕಾಲೊನಿಯ ಮಂದಿಯೆಲ್ಲ ನಂಬಿದ್ದರು. ಬನ್ನಿ ಕೊಟ್ಟು 'ಬಂಗಾರದಂಗ ಇರೋಣು' ಎಂದರೆ ಎಂಥ ಮುನಿಸೂ ಕರಗಬೇಕು, ಅದು ಪದ್ಧತಿ. ಆದರೆ ಸಣ್ಣವರು ದೊಡ್ಡವರಿಗೆ ಮೊದಲು ಕೊಡಬೇಕಲ್ಲ, ಇವರಲ್ಲಿ ಸಣ್ಣವರು ಯಾರು? ಆ ಕಾಲದ ಕನ್ನಡ ಸಾಲೆ ಮಾಸ್ತರರು ಹೆಸರು ಹಚ್ಚುವಾಗ ಎಲ್ಲ ಹುಡುಗರಿಗೂ ಜೂನ್ ಒಂದನ್ನೇ ಜನ್ಮದಿನವೆಂದು ದಯಪಾಲಿಸಿದ್ದರು. ಇಸವಿಯೂ ಒಂದೇ. ದಾಖಲೆಯ ಪ್ರಕಾರ ಇಬ್ಬರೂ ಒಂದೇ ದಿನ ಹುಟ್ಟಿ, ಒಂದೇ ದಿನ ನಿವೃತ್ತರಾದವರು. "ನಾನ ದೊಡ್ಡವ, ಅಂವ ಬಂದು ಕೊಡ್ಲಿ" ಎಂದು ಕಾಕಾ. ಅಲ್ಲಿ ಮಾಮಾ ಹೇಳಿದ್ದೂ ಅದನ್ನೇ ಅಂತೆ. ಕಾಕು ಮಾತ್ರ ಬನ್ನಿ ಎಲೆಯನ್ನು ದೇವರ ಮುಂದಿಟ್ಟು, "ನಿಮ್ಮಿಬ್ಬರಾಗ ದೊಡ್ಡವರು ಯಾರೂ ಇಲ್ಲ ಬಿಡ್ರಿ" ಎಂದು ಒಳಗೆ ಹೋದಳು.

ನಮ್ಮ ಪ್ರಾಕ್ಟೀಸು ಶುರುವಾದದ್ದು ಇಂಥ ಹೊತ್ತಿನಲ್ಲಿ. ಸಂಜೆ ಸವಿತಾ ನಮ್ಮ ಪಡಸಾಲೆಗೆ ಬರುವಳು. ಪರೀಕ್ಷಕನ ಹುದ್ದೆಗೆ ಕಾಕಾ ತನ್ನನ್ನು ತಾನೇ ನೇಮಿಸಿಕೊಂಡ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಗಡಿಯಾರ, ಪಕ್ಕದಲ್ಲಿ ಒಂದು ಸ್ಟೀಲ್ ಲೋಟ. ನಾವು ಎಲ್ಲಿಯಾದರೂ ತಡವರಿಸಿದರೆ ಚಮಚದಿಂದ ಲೋಟಕ್ಕೆ ಟಣ್ ಎಂದು ಬಾರಿಸುವನು. ಕನ್ನಡ ಬಾಯಿಗೆ ಬಂದರೆ ಎರಡು ಸಲ ಟಣ್. ಇನ್ನು ಮಾಮಾ ಮಗಳನ್ನು ಸ್ಕೂಟರಿನಲ್ಲಿ ತಂದು ಬಿಟ್ಟು, ಗೇಟಿನ ಹೊರಗೆ ಸೀಟಿನ ಮೇಲೆ ಕೂತಿರುತ್ತಿದ್ದರು. ಎರಡು ಗಲ್ಲಿಯ ಹಾದಿಗೆ ಸ್ಕೂಟರ್ ಏಕೆ, ಬಂದ ಮೇಲೆ ತಿರುಗಿ ಹೋಗದೆ ಅಲ್ಲಿಯೇ ಕೂರುವುದೇಕೆ ಎಂದು ನಾವು ಯಾರೂ ಕೇಳಲಿಲ್ಲ.

ಒಂದು ದಿನ ಸವಿತಾಳಿಗೆ ಬಂದ ವಿಷಯ 'ಗೆಳೆಯರೊಡನೆ ಮಾತುಕತೆ'. ಅವಳು ಕೋಚಿಂಗಿನಲ್ಲಿ ಬಾಯಿಪಾಠ ಮಾಡಿದ್ದನ್ನು ಗಡಗಡ ಒಪ್ಪಿಸಿದಳು. ಕಾಕಾ ಗಂಟಲು ಸರಿಮಾಡಿಕೊಂಡು, ಗೇಟಿಗೆ ಕೇಳುವಷ್ಟು ಗಟ್ಟಿಯಾಗಿ, ತನ್ನ ಸುತ್ತೋಲೆ ಇಂಗ್ಲಿಷಿನಲ್ಲಿ ಮುಂದಿನ ಪ್ರಶ್ನೆ ಹಾಕಿದ: "ಹಳೆಯ ಗೆಳೆಯನನ್ನು ಮೊಬೈಲಿನ ಮೂಲಕ ಮದುವೆಗೆ ಆಹ್ವಾನಿಸುವುದು ನಿಯಮಾನುಸಾರವೇ? ಕಾರಣ ಸಹಿತ ವಿವರಿಸತಕ್ಕದ್ದು."

ಸವಿತಾ ನನ್ನ ಮುಖ ನೋಡಿದಳು. ನಾನು ಲೋಟದ ಮುಖ ನೋಡಿದೆ. ಅಷ್ಟರಲ್ಲಿ ಗೇಟಿನ ಹೊರಗಿಂದ, ಅದೇ ಕಾರ್ಖಾನೆಯ ಅದೇ ನೋಟಿಸ್ ಬೋರ್ಡಿನ ಇಂಗ್ಲಿಷಿನಲ್ಲಿ ಉತ್ತರ ಬಂತು: "ಸದರಿ ಪತ್ರಿಕೆಯನ್ನು ಮಗನು ಕಳಿಸಿರುತ್ತಾನೆ. ತಂದೆಯ ಗಮನಕ್ಕೆ ತಂದಿರುವುದಿಲ್ಲ."

ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಕಾಕು ಬಾಗಿಲಲ್ಲೇ ನಿಂತಳು. ಕಾಕಾ ಗೇಟಿನ ಕಡೆ ತಿರುಗಲಿಲ್ಲ. ಗಡಿಯಾರ ನೋಡುತ್ತಲೇ ಹೇಳಿದ: "ಹೊರಗಿರುವ ಅಭ್ಯರ್ಥಿಯು ಒಳಗೆ ಬಂದು ಆಸೀನರಾಗತಕ್ಕದ್ದು." ಮಾಮಾ ಬಂದರು. ಚಪ್ಪಲಿ ಬಿಟ್ಟರು. ಖುರ್ಚಿಯಲ್ಲಿ ಕೂತರು.

ಅವರು ಹೋದ ಮೇಲೆ ಕಾಕುವಿನ ಸಂಭ್ರಮ ಹೇಳತೀರದು. "ಅಂತೂ ಮಾತಾಡಿದ್ರಲ್ರಿ!"

"ಯಾರು ಮಾತಾಡ್ಯಾರ?" ಎಂದ ಕಾಕಾ. "ಇದು ಮಾತಲ್ಲ, ಪ್ರಾಕ್ಟೀಸು."

ಆಮೇಲೆ ನಮ್ಮ ಗತಿ ಏನಾಯಿತು ಗೊತ್ತೇ? ಪರೀಕ್ಷೆಗೆ ಕೂರುವವರು ನಾವು, ಪ್ರಾಕ್ಟೀಸು ಅವರದು. ನಾನು, ಸವಿತಾ ಕಡಲೆಪುರಿ ಒಗ್ಗರಣೆ ಹಾಕಿ ತಂದಿಡುವುದಷ್ಟೇ. 'ಮರೆಯಲಾಗದ ಊಟ' ಎಂಬ ಚೀಟಿ ಬಂದ ದಿನ ಮಾಮಾ, ಕಾಚಿಗೂಡದ ರೂಮಿನಲ್ಲಿ ಕಾಕಾ ಮಾಡಿದ ಅನ್ನದ ಬಗ್ಗೆ ವರದಿ ಒಪ್ಪಿಸಿದರು: ತಳಭಾಗ ಸುಟ್ಟಿತ್ತು, ಮೇಲ್ಭಾಗ ಬೆಂದಿರಲಿಲ್ಲ, ಮಧ್ಯಭಾಗ ಪತ್ತೆಯಾಗಲಿಲ್ಲ. ಕಾಕಾ ನಗು ತಡೆಯಲಾಗದೆ ಕೆಮ್ಮಿದಂತೆ ಮಾಡಿದ. ಇನ್ನೊಂದು ದಿನ ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿಕೊಂಡು ಮಾಮಾ "ಅಯ್ಯ ಶಿವನ!" ಎಂದು ಕೂಗಿದರು. ಕಾಕಾ ಹೆಗಲ ಮೇಲಿನ ಟವೆಲ್ಲು ಕೊಟ್ಟು, ಎಷ್ಟು ಸುಟ್ಟಿದೆ ಎಂದು ಬಗ್ಗಿ ನೋಡಿ, ನೇರ ಕೂತು, ಲೋಟಕ್ಕೆ ಎರಡು ಸಲ ಟಣ್ ಟಣ್ ಎನ್ನಿಸಿದ. ಶಿವನಿಗೂ ರಿಯಾಯಿತಿ ಇಲ್ಲ.

ಆದರೆ ಇಂಗ್ಲಿಷಿನಲ್ಲಿ ಅವರು ಆಡದ ಮಾತು ಒಂದಿತ್ತು. ಮದುವೆಯ ಮಾತು ಅಂದು ಗೇಟಿನಲ್ಲಿ ಆದದ್ದೇ ಕೊನೆ. ತಪ್ಪಾಯಿತು ಎಂದು ಕಾಕಾ ಹೇಳಲಿಲ್ಲ, ಮಾಮಾನೂ ಹೇಳಲಿಲ್ಲ. ಸಾರಿ ಎಂಬ ಪದವೇನು ದೊಡ್ಡದೇ? ಅಂಗಡಿಯಲ್ಲಿ ಕಾಲು ತಾಗಿದರೂ ಕಾಕಾ ಹೇಳುತ್ತಿದ್ದ. ಒಮ್ಮೆ ನಾನೇ ಕೇಳಿದೆ: "ಕಾಕಾ, ಕನ್ನಡದಾಗ ಒಂದ ಮಾತು ಆಡಿ ಮುಗಿಸಬಾರದೇನು?"

"ಅಂವ ಮೊದಲ ಆಡ್ಲಿ" ಎಂದ. ಆಮೇಲೆ "ಆಡತಾನ ತಗೋ, ನಿಮ್ಮ ಪರೀಕ್ಷೆ ಇನ್ನೂ ದೂರ ಐತಿ" ಎಂದು ತನಗೆ ತಾನೇ ಹೇಳಿಕೊಂಡ.

ಪರೀಕ್ಷೆ ದೂರ ಉಳಿಯಲಿಲ್ಲ. ಇಬ್ಬರೂ ಬರೆದೆವು, ಮಾತಾಡಿದೆವು, ಪಾಸಾದೆವು. ಪೇಢೆ ಹಿಡಿದು ಕಾಕಾನ ಕಾಲಿಗೆ ನಮಸ್ಕಾರ ಮಾಡಿದೆ. ಮನೆಯಲ್ಲಿ ಯಾರೋ ಸತ್ತ ಸುದ್ದಿ ಕೇಳಿದವನ ಹಾಗೆ ಕೂತಿದ್ದ. "ಇನ್ನೂ ಹೆಚ್ಚಿನ ಮಾರ್ಕ್ಸ್‌ಗೆ ಮತ್ತೊಮ್ಮೆ ಕೂಡ್ತಿಯೇನವ್ವಾ? ಫೀ ನಾ ಕಟ್ತೀನಿ" ಎಂದ. ಮಗಳು ಫೇಲಾದರೆ ಅಳುವವರನ್ನು ನೋಡಿದ್ದೇನೆ, ಪಾಸಾದಳೆಂದು ಅಳುವ ಮುಖ ಮಾಡಿದವನು ಇವನೊಬ್ಬನೇ. ಮರುದಿನ ಸಂಜೆ ಮಾಮಾ ಒಬ್ಬರೇ ಸ್ಕೂಟರಿನಲ್ಲಿ ಬಂದು ಗೇಟಿನ ಮುಂದೆ ನಿಂತರು. ಹಿಂದಿನ ಸೀಟಿನಲ್ಲಿ ಮಗಳಿಲ್ಲ, ಒಳಗೆ ಬರಲು ನೆಪವಿಲ್ಲ. ಕಾಕಾ ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದ, ಬಾ ಎನ್ನಲಿಲ್ಲ. ಮಾಮಾ ಹಾರ್ನ್ ಒತ್ತಿದರು, ಗಾಡಿಯ ಕನ್ನಡಿ ಒರೆಸಿದರು, ಹೊರಟುಹೋದರು. ಪೇಪರು ಆಮೇಲೂ ಬಹಳ ಹೊತ್ತು ಅದೇ ಪುಟದಲ್ಲಿತ್ತು. ಅಂದು ಹೇಗಿದ್ದರೂ ಎದ್ದು ಹೋಗಬೇಕಾಗಿತ್ತು ಎಂದು ಈಗ ಕಾಕಾ ದಿನಕ್ಕೊಮ್ಮೆ ಹೇಳುತ್ತಾನೆ.

ಸವಿತಾ ಹೊರದೇಶಕ್ಕೆ ಹೊರಡುವ ತಯಾರಿಯಲ್ಲಿದ್ದಾಗಲೇ ಮಾಮಾ ಇಲ್ಲಿಯ ಮನೆ ಮಾರಿದರು. ಮೈಸೂರಿನಲ್ಲಿ ಕೆಲಸದಲ್ಲಿರುವ ಮಗನ ಹತ್ತಿರ ಹೋಗಿ ಇರುವುದೆಂದು ಆಯಿತು. ಹೋಗುವ ದಿನ ಸಂಜೆ ಕಾಕಾ ಇಸ್ತ್ರಿ ಅಂಗಿ ಹಾಕಿಕೊಂಡು, "ಕಾಚಿಗೂಡದಾಗ ಸ್ವಲ್ಪ ಕೆಲಸ ಐತಿ, ನಡಿ" ಎಂದು ನನ್ನನ್ನು ಹೊರಡಿಸಿದ. ಮೈಸೂರಿನ ಗಾಡಿ ಹೊರಡುವುದು ಕಾಚಿಗೂಡ ಸ್ಟೇಷನ್ನಿನಿಂದಲೇ.

ಗಾಡಿ ನಿಂತಿತ್ತು. ಮಾಮಾ ಎಸಿ ಬೋಗಿಯ ಬಾಗಿಲಲ್ಲಿ ನಿಂತಿದ್ದರು. ಕಾಕಾ ಎದುರು ಹೋಗಿ ನಿಂತು, ದೇವರೇ, ಇಂಗ್ಲಿಷಿನಲ್ಲೇ ಶುರುಮಾಡಿದ. ಪ್ರಯಾಣದ ಉದ್ದೇಶವೇನು ಎಂದು ಕೇಳಿದ. ಕಾಯಂ ವರ್ಗಾವಣೆ ಎಂದರು ಮಾಮಾ. ಈ ಊರಿನಲ್ಲಿ ನಿಮಗೆ ಹೆಚ್ಚು ನೆನಪಾಗುವುದು ಯಾವುದು ಎಂದು ಕೇಳಿದ. ಮಾಮಾ ಪ್ಲಾಟ್‌ಫಾರ್ಮಿನ ಕಲ್ಲು ನೋಡುತ್ತ ನಿಂತರು. ನಾನು ಕಾಕಾನ ಬೆನ್ನು ಹಿಂದಿನಿಂದ ತಿವಿದೆ. ಹೇಳು ಮಾರಾಯ, ಈಗಲಾದರೂ ಹೇಳು. ಅಷ್ಟರಲ್ಲಿ ಸಿಗ್ನಲ್ ಬಿತ್ತು, ಸವಿತಾ ಒಳಗಿನಿಂದ ಅಪ್ಪನನ್ನು ಕರೆದಳು, ಮಾಮಾ ಕೈಮುಗಿದು ಒಳಗೆ ಹೋಗಿ ಕಿಟಕಿಯ ಬಳಿ ಕೂತರು.

ಗಾಡಿ ಸರಿಯತೊಡಗಿತು. ಆಗ ಕಾಕಾನಿಗೆ ಬಾಯಿ ಬಂತು. ಕಿಟಕಿಯ ಜೊತೆ ನಡೆಯುತ್ತ, ಗಾಜಿಗೆ ಕೈ ಬಡಿಯುತ್ತ, "ಶರಣ್ಯಾ, ತಪ್ಪಾತೋ! ತಪ್ಪಾತು!" ಎಂದು ಕೂಗಿದ. ಎಸಿ ಬೋಗಿಯ ಗಾಜು ತೆಗೆಯುವ ಹಾಗಿಲ್ಲ. ಮಾಮಾ ಏನು ಎನ್ನುವಂತೆ ಕೈ ತಿರುಗಿಸಿದರು. ಬ್ಯಾಗು ಮರೆತಿದ್ದೇವೆಂದು ಹೇಳುತ್ತಿದ್ದಾನೆ ಎಂದುಕೊಂಡರೋ ಏನೋ, ಸೀಟಿನ ಕೆಳಗಿನ ಬ್ಯಾಗನ್ನು ಎತ್ತಿ ತೋರಿಸಿ, ಇದೆ ಎಂದು ತಲೆಯಾಡಿಸಿದರು.

ಮರುದಿನ ಸವಿತಾ ಫೋನ್ ಮಾಡಿದಳು. "ನಿಮ್ಮ ಕಾಕಾ ಏನಂದ್ರು ಅಂತ ಅಪ್ಪ ರಾತ್ರಿಯಿಂದ ಕೇಳಾಕತ್ತಾನ." ನಾನು ಫೋನನ್ನು ಕಾಕಾನ ಮುಂದೆ ಹಿಡಿದೆ. ಅವನು ತೆಗೆದುಕೊಳ್ಳಲಿಲ್ಲ. "ಫೋನಿನ್ಯಾಗ ಹೇಳೋದಲ್ಲವ್ವಾ ಅದು. ಹೋಗಿ, ಎದುರು ಕೂತು ಹೇಳಬೇಕು. ಉಗಾದಿಗೆ ಹೋಗ್ತೀನಿ" ಎಂದ. ಹೇಳಿದಂತೆ ಟಿಕೆಟ್ಟನ್ನೂ ಮಾಡಿಸಿದ. ಉಗಾದಿ ಬರುವುದಕ್ಕಿಂತ ಮೊದಲೇ ಒಂದು ಬೆಳಿಗ್ಗೆ ಮೈಸೂರಿನಿಂದ ಸುದ್ದಿ ಬಂತು. ಮಲಗಿದ್ದಲ್ಲೇ ಮಾಮಾ ಹೋಗಿಬಿಟ್ಟಿದ್ದರು. ಕಾಕಾ ಮಣ್ಣಿಗೆ ಹೋಗಿ ಬಂದ.

ನನ್ನ ವೀಸಾ ಇನ್ನೂ ಬಂದಿಲ್ಲ, ಇಲ್ಲಿಯೇ ಇದ್ದೇನೆ. ಮೊನ್ನೆ ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಪಡಸಾಲೆಯಲ್ಲಿ ಎರಡು ಖುರ್ಚಿ ಎದುರುಬದುರು ಹಾಕಿಕೊಂಡು ಕೂತಿದ್ದ. "ಬಾ ಇಲ್ಲಿ, ಅಂವನ ಖುರ್ಚಿಯಾಗ ಕೂಡು" ಎಂದ. ಕೂತೆ. ಅಂಗಿಯ ಗುಂಡಿ ಸರಿಮಾಡಿಕೊಂಡ. ಆಮೇಲೆ ನನ್ನನ್ನೇ ನೋಡುತ್ತ, ಎಲ್ಲಿಯೂ ತಡವರಿಸದೆ ಹೇಳಿದ:

"ಮದುವಿಗೆ ನಾ ಬರಬೇಕಾಗಿತ್ತೋ ಶರಣ್ಯಾ. ನಿನ್ನ ಮನಿ ಮೊದಲನೇ ಮದುವಿ. ಯಾರರೆ ಕರೀಲಿ, ಬಿಡ್ಲಿ, ನಾ ಬಂದು ಸೊಂಟಕ್ಕ ಟವೆಲ್ ಕಟ್ಟಿ ಬಡಸಾಕ ನಿಂದರಬೇಕಾಗಿತ್ತು. ಅವತ್ತು ಮನಿಯಾಗ ಕೂತು ಉಪ್ಪಿಟ್ಟು ತಿಂದೆ, ಗಂಟಲದಾಗ ಇಳೀಲಿಲ್ಲ. ಆಮ್ಯಾಲೂ ನೀ ಗೇಟಿನ ಮಟ ಬಂದಿದ್ದಿ, ನಾ ಏಳಲಿಲ್ಲ. ಭಾಳ ತಪ್ಪಾತು."

ಕಾಕಾ ಮುಂದಕ್ಕೆ ಬಾಗಿ, ನಿಜವಾಗಿಯೂ ನನಗೆ ಗೊತ್ತಿರಬಹುದೆಂಬಂತೆ ಕೇಳಿದ: "ಅಂವ ಏನಂತಿದ್ದ, ಹೇಳು?"

"ಹುಚ್ಚಪ್ಯಾಲಿ, ಊಟಕ್ಕ ಏಳು ಅಂತಿದ್ರು, ಕಾಕಾ" ಎಂದೆ.

ಕಾಕಾ ಹೌದೆಂದು ತಲೆಯಾಡಿಸಿದ. "ಹಂಗ ಅಂತಿದ್ದ. ಹಂಗ ಅಂತಿದ್ದ" ಎಂದು ಎರಡು ಸಲ ಹೇಳಿ, ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಕೂತ.