ಎದುರುಮನೆಯ ಹೊಳಪು

ಎಲ್ಲಕ್ಕೂ ಮೂಲ ಎದುರುಮನೆಯ ಮೀನಿನ ತೊಟ್ಟಿ. ಮೀನುಗಳ ಮೇಲೆ ಗುಮಾಸ್ತನಿಗೆ ಯಾವ ದ್ವೇಷವೂ ಇರಲಿಲ್ಲ; ಅವು ತಮ್ಮ ಪಾಡಿಗೆ ತಾವು ಬಾಯಿ ತೆರೆದು ಮುಚ್ಚಿಕೊಂಡಿದ್ದವು. ಅವನ ಕಣ್ಣು ಕುಕ್ಕಿದ್ದು ತೊಟ್ಟಿ ಕೂತಿದ್ದ ಮರದ ಕಪಾಟು ಮತ್ತು ತೊಟ್ಟಿಯ ಮೇಲಿನ, ಒಳಗೆ ದೀಪವಿದ್ದ ಮರದ ಮುಚ್ಚಳ. ಆ ಮನೆಯ ಡ್ರಾಯಿಂಗ್ ಮೇಷ್ಟ್ರು ಎರಡನ್ನೂ ಮನೆಯಲ್ಲೇ ಮಾಡಿದ್ದರಂತೆ. ವರ್ಷವಾಗುತ್ತಾ ಬಂದರೂ ನೀರು ತಾಗಿ ಮರ ಉಬ್ಬಿಲ್ಲ, ಮೇಲಿನ ಹೊಳಪು ಕಿತ್ತುಬಂದಿಲ್ಲ. ಸಂಜೆ ದೀಪ ಹಾಕಿದರೆ ಜೇನು ಸವರಿದಂತೆ ಮಿಂಚುತ್ತಿತ್ತು.

"ಎಷ್ಟು ಚೆನ್ನಾಗಿದೆ ಅಲ್ವೇನ್ರೀ?" ಎಂದು ಅವನ ಹೆಂಡತಿ ದಿನಾ ಕಿಟಕಿಯಲ್ಲಿ ನಿಂತು ಹೇಳುತ್ತಿದ್ದಳು. ಮದುವೆಯಾದಾಗಿನಿಂದ ತನ್ನನ್ನು ಅವಳು ಅಷ್ಟು ಹೊತ್ತು ನೋಡಿದ ನೆನಪು ಅವನಿಗಿರಲಿಲ್ಲ. ಹೊಟ್ಟೆ ಉರಿದು, ಹೋಗಿ ಪರದೆ ಎಳೆದುಬಿಡುತ್ತಿದ್ದ.

ಆ ಉರಿಯಲ್ಲೇ ಗರಗಸ ಹಿಡಿದ. ಮೊಳೆಗಿಂತ ಹೆಚ್ಚು ಪೆಟ್ಟು ಹೆಬ್ಬೆರಳಿಗೆ ಬಿದ್ದರೂ ಕಡೆಗೆ ಒಂದು ಕಪಾಟು, ಒಂದು ಮುಚ್ಚಳ ಎದ್ದು ನಿಂತವು. ಇವತ್ತು ರಜೆ. ಬೆಳಿಗ್ಗೆ ಬಳಿದು ಮುಗಿಸಿ, ಸಂಜೆ ಹೊಸದಾಗಿ ತಂದ ತೊಟ್ಟಿಗೆ ನೀರು ತುಂಬಿ, ಮೇಷ್ಟ್ರನ್ನು ಕರೆದು ತೋರಿಸಬೇಕು. ಅವರ ಮುಖ ಹುಳ್ಳಗಾಗಬೇಕು. ಹೆಂಡತಿಯ ಬಾಯಿಂದ ಒಂದೇ ಒಂದು 'ಚೆನ್ನಾಗಿದೆ' ಬರಬೇಕು. ಉಳಿದಿದ್ದು ಒಂದೇ ಪ್ರಶ್ನೆ: ನೀರು ಹಿಡಿಯದ ಹಾಗೆ ಮರಕ್ಕೆ ಬಳಿಯುವುದು ಏನನ್ನು?

ಮಾನ ಬಿಟ್ಟು ಮೇಷ್ಟ್ರ ಗೇಟಿನ ಬಳಿಯೇ ಹೋದ.

"ಮೇಷ್ಟ್ರೇ, ಸುಮ್ನೆ ಕೇಳ್ತಿದ್ದೀನಿ. ನಿಮ್ಮ ಕಪಾಟಿಗೆ ಏನು ಹಚ್ಚಿದ್ರಿ?"

ಮೇಷ್ಟ್ರು ಕೆಮ್ಮಿದರು. ಆಕಾಶ ನೋಡಿದರು. "ಅದು ಕೈಚಳಕ ಕಣ್ರೀ. ಹೇಳಿಕೊಟ್ರೆ ಬರೋದಲ್ಲ."

ಎಂಥ ಜಂಬ! ಗುಮಾಸ್ತ ಹಲ್ಲು ಕಡಿಯುತ್ತಾ ವಾಪಸು ಬಂದರೆ, ಜಗಲಿಯಲ್ಲಿ ಪಕ್ಕದ ಮನೆಯ ನಿವೃತ್ತ ಬಸ್ ಕಂಡಕ್ಟರು ಆಗಲೇ ಕಪಾಟನ್ನು ತಟ್ಟಿ ನೋಡುತ್ತಿದ್ದರು.

"ಅಗಸೆ ಎಣ್ಣೆ ಕುಡಿಸಪ್ಪಾ. ಹೊಟ್ಟೆ ತುಂಬಿದ ಮರ ನೀರು ಮುಟ್ಟಲ್ಲ."

ಎಣ್ಣೆ ಬಳಿದು ಮುಗಿಯುವಷ್ಟರಲ್ಲಿ ಅವನ ಆಫೀಸಿನ ಕ್ಯಾಷಿಯರ್ ಬಂದ. "ಎಣ್ಣೆನಾ? ಯಾವ ಕಾಲದಲ್ಲಿದ್ದೀರ್ರೀ? ಪಾಲಿಯುರೆಥೇನ್ ವಾರ್ನಿಷ್ ಹಚ್ಚಬೇಕು! ನಮ್ಮ ಷಡ್ಡಕ ತನ್ನ ದೋಣಿಗೆ ಅದನ್ನೇ ಹಚ್ಚಿದ್ದ."

"ದೋಣಿ ಚೆನ್ನಾಗಿದೆಯಾ?" ಎಂದರು ಕಂಡಕ್ಟರು.

"ದೋಣಿ ಮುಳುಗಿತು. ಹೊಳಪು ಮಾತ್ರ ಒಂದಿಷ್ಟೂ ಹೋಗ್ಲಿಲ್ಲ."

ಗುಮಾಸ್ತನ ತಲೆ ಓಡಿತು. ಮೇಷ್ಟ್ರು ಹಚ್ಚಿರುವುದು ಎರಡರಲ್ಲಿ ಒಂದು ಇರಬೇಕು. ತಾನು ಎರಡನ್ನೂ ಹಚ್ಚಿದರೆ ಅವರಿಗಿಂತ ಒಂದು ಕೈ ಮೇಲೆ! ಡಬ್ಬಿ ತಂದು ಹಸಿ ಎಣ್ಣೆಯ ಮೇಲೆಯೇ ಕುಂಚ ಎಳೆಯತೊಡಗಿದ.

ಹೆಂಡತಿ ಬಾಗಿಲಿಗೆ ಬಂದು ಮೂಗರಳಿಸಿದಳು. "ರೀ, ಎಣ್ಣೆ ಒಣಗೋಕೇ ದಿನಗಟ್ಟಲೆ ಬೇಕು. ಅದರ ಮೇಲೆ ಇದನ್ನ..."

"ಒಳಗೆ ಹಾಲು ಉಕ್ತಿದೆ, ನೋಡು ಹೋಗು."

"ಹಾಲು ಇನ್ನೂ ತಂದೇ ಇಲ್ಲ."

"ಹಾಗಾದ್ರೆ ತರೋಕೆ ಹೋಗು!"

ಹಾಲು ತಂದವಳು ಮತ್ತೆ ಇಣುಕಿದಳು. "ಮುಚ್ಚಳದ ಒಳಗಡೆಗೆ ಹಚ್ಚಲ್ವಾ? ಆವಿ ಹೊಡೆಯೋದು ಒಳಗೇ ತಾನೆ?"

"ಒಳಗಡೆ ನೋಡೋರು ಯಾರೇ? ಮೀನು. ಮೀನಿಗೇನು ಹೊಳಪು? ನಿನಗೆ ಇದೆಲ್ಲ ಗೊತ್ತಾಗಲ್ಲ ಬಿಡು."

ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು.

ಮಧ್ಯಾಹ್ನವೆಲ್ಲ ಫ್ಯಾನ್ ತಿರುಗಿತು. ಕಪಾಟು ಕನ್ನಡಿಯಾಯಿತು. ಒಣಗಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಲು ಗುಮಾಸ್ತನಿಗೆ ಧೈರ್ಯ ಬರಲಿಲ್ಲ. ಕೈಗೆ ಚೀಲ ಸುತ್ತಿಕೊಂಡು ತೊಟ್ಟಿ ಇಟ್ಟ, ನೀರು ತುಂಬಿದ, ಎರಡು ಮೀನು ಬಿಟ್ಟ, ದೀಪ ಹಾಕಿದ, ಮುಚ್ಚಳ ಮುಚ್ಚಿದ.

ಸಂಜೆ ಮೇಷ್ಟ್ರು ಬಂದರು. ಕಂಡಕ್ಟರು, ಕ್ಯಾಷಿಯರ್ ಆಗಲೇ ಹಾಜರಿದ್ದರು. ಆ ಹೊಳಪು ಕಂಡದ್ದೇ ಅವರ ಮುಖ ಇಳಿಯಿತು. ಗುಮಾಸ್ತನಿಗೆ ಸ್ವರ್ಗಕ್ಕೆ ಮೂರೇ ಗೇಣು! ಅವನು ಹೆಂಡತಿಯ ಕಡೆ ತಿರುಗಿದ. ಅವಳು ಸೀಲಿಂಗ್ ನೋಡುತ್ತಿದ್ದಳು.

"ಹೂಂ, ಪರವಾಗಿಲ್ಲ," ಎನ್ನುತ್ತಾ ಮೇಷ್ಟ್ರು ಎರಡೂ ಅಂಗೈಗಳನ್ನು ಮುಚ್ಚಳದ ಮೇಲೆ ಊರಿ, ಕೊಂಕು ಹುಡುಕಲು ಬಗ್ಗಿದರು. ಬಗ್ಗಿದವರು ಏಳಲು ಹೋದರೆ ಕೈ ಬರಲಿಲ್ಲ.

"ಗುಮಾಸ್ತರೇ! ಇದೇನ್ರೀ ಇದು?"

ಕ್ಯಾಷಿಯರ್ ಬಿಡಿಸಲು ಹೋದ. ಅವನ ಅಂಗಿಯ ತೋಳು ಕಪಾಟಿಗೆ ಅಂಟಿತು. ಕಂಡಕ್ಟರು ಮೇಷ್ಟ್ರ ಸೊಂಟ ಹಿಡಿದು "ರೈಟ್!" ಎಂದು ಎಳೆದರು. ಮುಚ್ಚಳ ಕೈಗಳ ಜೊತೆಗೇ ಎದ್ದುಬಂತು. ಆವಿ ಕುಡಿದು ಅದರ ಒಳಮೈ ಆಗಲೇ ನೆನೆದ ರಟ್ಟಿನಂತೆ ಉಬ್ಬಿತ್ತು. ನೀರು ತುಳುಕಿ ಕಪಾಟಿನ ಮೇಲೆಲ್ಲ ಹರಿಯಿತು. "ಹೋಲ್ಡಾನ್! ಹೋಲ್ಡಾನ್!" ಎಂದು ಕಂಡಕ್ಟರು ಕೂಗಿಕೊಂಡರು. ಮೀನುಗಳು ಮೂಲೆಗೆ ಸರಿದು ತಮಾಷೆ ನೋಡಿದವು.

ಹೆಂಡತಿ ಅವಸರವಿಲ್ಲದೆ ಒಳಗೆ ಹೋಗಿ, ಹಳೇ ಬಟ್ಟೆ ಮತ್ತು ಟರ್ಪೆಂಟೈನ್ ಬಾಟಲಿ ತಂದಳು. ಮೊದಲು ಬೆರಳ ಸಂದಿ, ಆಮೇಲೆ ಅಂಗೈ, ಹೀಗೆ ಒರೆಸುತ್ತಾ ಹೋದಂತೆ ಮೇಷ್ಟ್ರ ಕೈ ನಾಜೂಕಾಗಿ ಬಿಟ್ಟುಬಂತು.

"ಬದುಕಿದೆ ತಾಯೀ!" ಎಂದರು ಮೇಷ್ಟ್ರು, ಬಾಯಿ ಹಿಡಿತ ತಪ್ಪಿ. "ನಮ್ಮ ಕಪಾಟಿಗೆ ಹಚ್ಚಿದಾಗ್ಲೂ ನೀವು ಬಡ್ಕೊಂಡ್ರಿ, ವಾರ ಕಳೆಯೋ ತನಕ ಯಾರೂ ಮುಟ್ಟಬಾರ್ದು ಅಂತ..."

ಮೇಷ್ಟ್ರು ತಟ್ಟನೆ ನಾಲಿಗೆ ಕಚ್ಚಿಕೊಂಡರು.

"ಯಾರು ಹಚ್ಚಿದ್ದು?" ಎಂದ ಗುಮಾಸ್ತ.

"ನಾನೇ ರೀ," ಎಂದಳು ಹೆಂಡತಿ ಬಟ್ಟೆ ಮಡಚುತ್ತಾ. "ನಮ್ಮಪ್ಪನ ಪಾಲಿಷ್ ಅಂಗಡಿಯಲ್ಲಿ ಬೆಳೆದವಳಲ್ವಾ? ಯಾರಿಗೂ ಹೇಳಬೇಡಿ, ನಮ್ಮೋರ ಮರ್ಯಾದೆ ಪ್ರಶ್ನೆ ಅಂತ ಮೇಷ್ಟ್ರ ಹೆಂಡತಿ ಕೇಳ್ಕೊಂಡ್ರು. ನಿಮ್ಮದಕ್ಕೂ ಹಚ್ಚಿಕೊಡೋಣ ಅಂತ ಎರಡು ಸಲ ಬಂದೆ. ನನಗೆ ಗೊತ್ತಾಗಲ್ಲ ಅಂದ್ರಿ."

ಅಂದರೆ ಇಷ್ಟು ದಿನ ಕಿಟಕಿಯಲ್ಲಿ ನಿಂತು ಅವಳು ಕಣ್ತುಂಬ ನೋಡಿದ್ದು ತನ್ನದೇ ಕೆಲಸವನ್ನು! ಗುಮಾಸ್ತ ಅಲ್ಲೇ ಕುಸಿದು ಕೂತ.

"ಅತ್ತಿಗೇ, ನಮ್ಮ ಮನೆ ಬಾಗಿಲಿಗೂ ಒಂದು ಕೈ..." ಎಂದ ಕ್ಯಾಷಿಯರ್, ಅಂಟಿದ ತೋಳಿನಿಂದಲೇ.

"ಮೊದಲು ನಮ್ಮದು. ರೀ, ಏಳಿ. ಉಜ್ಜೋ ಕಾಗದ ತಗೊಳ್ಳಿ. ಹಚ್ಚಿದ್ದು, ಉಬ್ಬಿದ್ದು ಎಲ್ಲ ಕೆರೆದು ತೆಗೀಬೇಕು. ಒಳಗಡೆಯಿಂದ ಶುರು ಮಾಡಿ."

ಮೇಷ್ಟ್ರು ಮನೆಗೆ ಹೋಗುತ್ತಾ ಹೊಟ್ಟೆಕಿಚ್ಚಿನಿಂದ ತಿರುಗಿ ತಿರುಗಿ ನೋಡಿದರು, ಅದೂ ಗುಮಾಸ್ತನನ್ನಲ್ಲ, ಅವನ ಹೆಂಡತಿಯನ್ನು. ಗುಮಾಸ್ತ ನೆಲದ ಮೇಲೆ ಕೂತು ಉಜ್ಜತೊಡಗಿದ. ಹೊಟ್ಟೆಯೊಳಗಿನ ಉರಿ ಒಂದು ಚೂರೂ ಆರಿರಲಿಲ್ಲ. ಈ ಕೈಚಳಕ ಎದುರುಮನೆಯದಾಗಿದ್ದರೆ ಪರದೆಯನ್ನಾದರೂ ಎಳೆಯಬಹುದಿತ್ತು.