ಒಳಸೆರಗಿನ ಹಸಿರು ಟಾಕಾ

"ಏಪ್ರಿಲ್ ಹನ್ನೊಂದು. ಮೂರು ಲಗ್ನದ ಜವಳಿ. ಲಕ್ಷ್ಮೇಶ್ವರದ್ದೊಂದು, ಶಿರಹಟ್ಟಿಯದೊಂದು, ಹುಲಕೋಟಿಯದೊಂದು. ಚಹಾ ಎರಡು ಸಲ. ಮಾತು ಹೊರಗೆ ಹೋಗಲಿಲ್ಲ."

ಇದು ನನ್ನ ಹಳೆಯ ಡೈರಿಯ ಒಂದು ಪುಟ, ಯಜಮಾನರು ಇದ್ದಾಗಿನದು. ಕೊನೆಯ ವಾಕ್ಯವನ್ನು ಲಗ್ನದ ಹಂಗಾಮು ಮುಗಿಯುವ ತನಕ ದಿನಾಲೂ ಬರೆಯುತ್ತಿದ್ದೆ. ನಾನು ಬಿ.ಎ. ಮುಗಿಸಿ ಈ ಓಣಿಗೆ ಬಂದ ಮೊದಲ ಸೊಸೆ. ಬರೆದಿಡುವ ಕೆಲಸ ಮೊದಲಿನಿಂದಲೂ ನನ್ನದೇ.

ಬೆಟಗೇರಿಯಲ್ಲಿ ನಮ್ಮದು ಸೀರೆ ಅಂಗಡಿ. ಲಗ್ನದ ಜವಳಿಗೆ ಬಂದವರಿಗೆ ಮದುಮಗಳ ಸೀರೆ ಆರಿಸುವುದು ಕಷ್ಟವಲ್ಲ. ಕಷ್ಟವೆಲ್ಲ ಆಯೇರಿಯದು, ಅಂದರೆ ಬಂಧುಗಳಿಗೆ ಉಡುಗೊರೆ ಕೊಡುವ ಸೀರೆಗಳದು. ಅತ್ತೆಗೆ ಎಂಥದು, ಚಿಗವ್ವನಿಗೆ ಎಂಥದು, ಮಾತು ಬಿಟ್ಟ ನೆಗೆಣ್ಣಿಗೆ ಎಂಥದು ಎಂಬುದು ಹಣ ಕೊಡುವ ಹಿರಿಯರಿಗೆ ಮತ್ತು ನಮಗೆ ಮಾತ್ರ ಗೊತ್ತಿರಬೇಕು. ಅದಕ್ಕೇ ನಮ್ಮ ಅಂಗಡಿಯಲ್ಲಿ ಯಾರೂ ಜೋರಾಗಿ ರೇಟು ಹೇಳುತ್ತಿರಲಿಲ್ಲ. ಚೀಟಿಯಲ್ಲಿ ಬರೆದು ಹಿರಿಯರಿಗೆ ತೋರಿಸಿ ಹರಿದು ಹಾಕುತ್ತಿದ್ದೆವು. ಒಂದೇ ಮನೆಯ ಮೂರು ತಲೆಮಾರು ನಮ್ಮ ಗಾದಿಯ ಮೇಲೆ ಬಂದು ಕುಳಿತದ್ದು ಆ ಗುಟ್ಟಿನ ನಂಬಿಕೆಯ ಮೇಲೆ. ಅದು ಹೋದರೆ ನಮ್ಮಲ್ಲಿ ಉಳಿಯುವುದು ಬರೀ ಸೀರೆ. ಸೀರೆ ಎಲ್ಲ ಕಡೆಯೂ ಸಿಗುತ್ತದೆ.

ಈಚೆಗೆ ಗದಗಿನಲ್ಲಿ ಲಿಫ್ಟು ಇರುವ ದೊಡ್ಡ ಶೋರೂಮು ತೆರೆಯಿತು. ನನ್ನ ಸೊಸೆ ಬಿ.ಕಾಂ. ಒಂದು ದಿನ ಅಂದಳು: "ಅತ್ತಿ, ಈಗಿನ ಮಂದಿ ಮೊದ್ಲು ಫೋನಿನ್ಯಾಗ ನೋಡ್ತಾರ, ಆಮ್ಯಾಲ ಅಂಗಡಿಗಿ ಬರ್ತಾರ. ನಾವೂ ಒಂದು ಪೇಜ್ ಮಾಡೂಣು."

"ಮಾಡವ್ವಾ," ಅಂದೆ.

ಅಂದಿನಿಂದ ನಮ್ಮಲ್ಲಿ ನಗುವಂಥ ಸಂಗತಿಗೆ ಬರವಿಲ್ಲ. ಎಲ್ಲವನ್ನೂ ಬರೆದಿಟ್ಟಿದ್ದೇನೆ. ಓದುವಾಗ ನಗು ಬರುತ್ತದೆ. ನಡೆಯುವಾಗ ಬಂದಿರಲಿಲ್ಲ.

ಅಡರಕಟ್ಟಿಯ ಸಂಭ್ರಮ

ಸೊಸೆಯ ಮೊದಲ ವಿಡಿಯೋ. ಬೆಳಿಗ್ಗೆ ಶಟರ್ ಎತ್ತುತ್ತಿದ್ದಂತೆ ಅಡರಕಟ್ಟಿಯಿಂದ ಆರು ಮಂದಿ ಬಂದರು. ಹೆಚ್ಚು ಮಾತಿಲ್ಲ, ಚೌಕಾಸಿ ಇಲ್ಲ. ಒಂದು ಸೀರೆ ಮತ್ತು ಎರಡು ಧೋತರ ತೆಗೆದುಕೊಂಡು ಹೋದರು. ಒಬ್ಬರೂ ನಗಲಿಲ್ಲ. ದೊಡ್ಡ ಮನೆತನದವರ ಗಾಂಭೀರ್ಯ ಇದು ಎಂದುಕೊಂಡ ಸೊಸೆ, ಅವರು ಸೀರೆ ಮುಟ್ಟಿ ನೋಡುವುದನ್ನು ಸೆರೆಹಿಡಿದು, ಹಿಂದೆ ಸನಾದಿ ಹಚ್ಚಿ, ಮೇಲೆ "ಅಡರಕಟ್ಟಿಯ ಬಂಧುಗಳ ಲಗ್ನದ ಸಂಭ್ರಮ ನಮ್ಮ ಅಂಗಡಿಯಲ್ಲಿ" ಎಂದು ಬರೆದು ಹಾಕಿದಳು.

ಮಧ್ಯಾಹ್ನ ಬಂದ ಚಾಚಾ ಅದನ್ನು ನೋಡಿ ಹಣೆ ಹಿಡಿದುಕೊಂಡರು. ಚಾಚಾ ಎಂದರೆ ಲಕ್ಷ್ಮೇಶ್ವರದಿಂದ ದಿನಾ ಬಸ್ಸಿಗೆ ಬರುವ ನಮ್ಮ ಹಿರಿಯ ಸೇಲ್ಸ್‌ಮನ್. ಅಂದು ಅವರ ಬಸ್ಸು ಕೆಟ್ಟಿತ್ತು. ಇದ್ದಿದ್ದರೆ ಒಂದೇ ನೋಟಕ್ಕೆ ಹೇಳುತ್ತಿದ್ದರು.

"ಅಕ್ಕಾರ, ಇವ್ರು ಸತ್ತೋರ ಮಣ್ಣಿಗಿ ಹೊಂಟೋರ್ರಿ. ಮುಂಜಾನಿ ಏಳು ಗಂಟೇಕ ಚೌಕಾಸಿ ಮಾಡಲಾರದ ಯಾರು ಲಗ್ನದ ಸೀರಿ ಒಯ್ತಾರ?"

ಅಷ್ಟರಲ್ಲಿ ವಿಡಿಯೋದ ಕೆಳಗೆ ಅವರ ನೆಂಟರು ತಕರಾರು ಬರೆದಿದ್ದರು: "ಲಗ್ನ ಐತಿ ಅಂತ ನಮಗ ಒಂದು ಮಾತು ಹೇಳಲಿಲ್ಲಲ್ಲ!"

ಮೂರು ದಿನ ಬಿಟ್ಟು ಆ ಮನೆಯ ಹಿರಿಯರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅವರು ದೊಡ್ಡ ಮನುಷ್ಯರು, ಬೈಯಲಿಲ್ಲ.

"ಇರ್ಲಿ ಬಿಡ್ರಿ ಅಕ್ಕಾರ. ಕಾಕಾ ಹ್ವಾದ ಸುದ್ದಿ ಭಾಳ ಮಂದಿಗಿ ಮುಟ್ಟಿದ್ದಿಲ್ಲ. ನಿಮ್ಮ ವಿಡಿಯೋ ನೋಡಿ ಎಲ್ಲಾರೂ ಬಂದ್ರು. ಆದ್ರ ಅರ್ಧ ಮಂದಿ ಪೇಟಾ ಸುತಗೊಂಡು ಬಂದಿದ್ರು."

ಎದ್ದು ಹೋಗದ ಗಿರಾಕಿ

ಮುಂದೆ ಸೊಸೆ ಲೈವ್ ಮಾಡಬೇಕೆಂದಳು. ಅಂದರೆ ಫೋನಿನ ಮುಂದೆ ಸೀರೆ ಹಾಸಬೇಕು, ಜನ ಮನೆಯಲ್ಲೇ ಕುಳಿತು ನೋಡುತ್ತಾರೆ. ಹಾಸುವವರು ಯಾರು? ಚಾಚಾ.

ಚಾಚಾ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಫೋನಿಗೆ ಕೈ ಮುಗಿದು, "ಬರ್ರಿ ಅವ್ವಾರ, ಕುಂಡ್ರಿ. ಚಹಾ ತರಸ್ಲಿ?" ಎಂದರು. ಫೋನು ಸುಮ್ಮನಿತ್ತು. ಕೆಳಗೆ ಒಂದು ಸಾಲು ಬಂತು: "ರೇಟ್?"

"ಚಾಚಾ, ರೇಟ್ ಹೇಳ್ರಿ," ಎಂದಳು ಸೊಸೆ.

ಚಾಚಾ ಜೇಬಿನಿಂದ ಚೀಟಿ ತೆಗೆದು, ಬರೆದು, ಅಂಗೈಯಲ್ಲಿ ಮರೆಮಾಡಿ ಫೋನಿಗೆ ಹಿಡಿದರು. ಮರುಕ್ಷಣ ಹರಿದು ಹಾಕಿದರು. "ರೇಟ್?" ಎಂದು ಮತ್ತೆ ಬಂತು. ಮತ್ತೊಂದು ಚೀಟಿ ಬರೆದರು. ಗಾದಿಯ ತುಂಬ ಕಾಗದದ ಚೂರು ಬಿದ್ದವು.

ನೋಡುವವರು ಮೂರು ಜನ ಇದ್ದರು. ಮೊದಲನೆಯವರು ಸೊಸೆಯ ತಾಯಿ. ಎರಡನೆಯವರು ರೇಟ್ ಕೇಳುತ್ತಿದ್ದವರು, ಅದು ಗದಗಿನ ಶೋರೂಮಿನ ಮ್ಯಾನೇಜರು ಎಂದು ಆಮೇಲೆ ಗೊತ್ತಾಯಿತು. ಅವರಿಬ್ಬರೂ ಹೋದರು. ಮೂರನೆಯವರು ಹೋಗಲೊಲ್ಲರು. ಒಬ್ಬ ಗಿರಾಕಿ ಕುಳಿತಿರುವ ತನಕ ಸೀರೆ ಮಡಚಬಾರದು ಎಂಬುದು ಚಾಚಾ ಅವರ ನಿಯಮ. ಊಟದ ಹೊತ್ತು ಮೀರಿತು. ಮತ್ತೊಂದು ಗಂಟು ಬಿಚ್ಚಿದರು, ಇನ್ನೊಂದು ಬಿಚ್ಚಿದರು.

"ಏಳ್ರಿ ಚಾಚಾ, ಸಾಕು," ಅಂದೆ.

"ಗಿರಾಕಿ ಎದ್ದಿಲ್ಲಲ್ರಿ ಅಕ್ಕಾರ. ನಾ ಹೆಂಗ ಏಳ್ಲಿ?"

ಆ ಗಿರಾಕಿ ನನ್ನ ಮಗನ ಫೋನು. ಲೈವ್ ಹಚ್ಚಿಟ್ಟು, ಗಲ್ಲೆಯ, ಅಂದರೆ ಹಣದ ಪೆಟ್ಟಿಗೆಯ ಮೇಲೆ ಬೋರಲು ಹಾಕಿ ಅವನು ಮನೆಗೆ ಊಟಕ್ಕೆ ಹೋಗಿದ್ದ.

ಹಲ್ಲು ನೋವು

ಹಿರೇವಡ್ಡಟ್ಟಿಯ ಒಬ್ಬ ಗೃಹಸ್ಥ ಒಬ್ಬನೇ ಬಂದ. ಅಕ್ಕನಿಗೊಂದು ಒಳ್ಳೆಯ ಸೀರೆ ಬೇಕೆಂದ. ಹೆಂಡತಿಗೂ ಆ ಅಕ್ಕನಿಗೂ ಮಾತಿಲ್ಲ, ಗುಟ್ಟಾಗಿ ಕೊಡಬೇಕು. ಚಾಚಾ ಸೀರೆ ಆರಿಸಿ ಕೊಟ್ಟರು. ಅವನು ಮೆಲ್ಲಗೆ, "ಕೆಂಪು ಹಾಕ್ರಿ" ಎಂದ.

ಆ ಕೆಂಪಿನ ವಿಷಯ ಇಲ್ಲಿ ಹೇಳಬೇಕು. ಆಯೇರಿಯ ಸೀರೆಗಳು ಲಗ್ನದ ಮನೆಯಲ್ಲಿ ಕಲೆತುಹೋಗುತ್ತವೆ. ಯಾವುದು ಯಾರಿಗೆ ಎಂದು ಗೊತ್ತಾಗಲು ಚಾಚಾ ಪ್ರತಿ ಸೀರೆಯ ಒಳಸೆರಗಿನ ಮೂಲೆಯಲ್ಲಿ ಬಣ್ಣದ ದಾರದ ಒಂದು ಟಾಕಾ, ಒಂದೇ ಒಂದು ಸಣ್ಣ ಹೊಲಿಗೆ, ಹಾಕುತ್ತಿದ್ದರು. ಕೆಂಪು ದಾರ, ಮನಸಾರೆ ಯಾರಿಗೆ ಕೊಡುತ್ತಾರೋ ಅವರಿಗೆ. ಹಳದಿ ನಡುವಿನವರಿಗೆ. ಹಸಿರು, ಕೊಡದಿದ್ದರೆ ಆಡಿಕೊಳ್ಳುತ್ತಾರೆ ಎಂದಷ್ಟೇ ಯಾರಿಗೆ ಕೊಡುತ್ತಾರೋ ಅವರಿಗೆ. ಉಟ್ಟವರಿಗೆ ಅದು ಕಾಣುವುದಿಲ್ಲ, ಕಂಡರೂ ಅಂಗಡಿಯ ಗುರುತು ಎಂದುಕೊಳ್ಳುತ್ತಾರೆ. ಬಲ್ಲ ಹಿರಿಯರು ಬಾಯಿ ಬಿಡುತ್ತಿರಲಿಲ್ಲ. ಅವರೂ ಹಸಿರು ಕೊಟ್ಟವರೇ.

ಆ ಗೃಹಸ್ಥ ಸೊಸೆಯ ವಿಡಿಯೋದ ಹಿಂಬದಿಯಲ್ಲಿ ಸಿಕ್ಕಿಬಿದ್ದ. ಮೂರನೇ ದಿನ ಅವನ ಹೆಂಡತಿ ಬಂದು ಚಾಚಾ ಅವರ ಎದುರು ನಿಂತಳು.

"ನೀವ ಏನ್ರಿ ಹಲ್ಲಿನ ಡಾಕ್ಟರ್?"

"ಯಾಕ್ರಿ ತಂಗಿ?"

"ನನ್ನ ಗಂಡ ಹಲ್ಲು ಕೀಳಿಸಿಕೊಂಡು ಬರ್ತೀನಂತ ಹೇಳಿ ನಿಮ್ಮ ಗಾದಿ ಮ್ಯಾಲೆ ಕುಂತಿದ್ದ. ಕ್ಯಾಮೆರಾ ಕಂಡಕೂಡ್ಲೆ ಹೆಂಗ ಗಲ್ಲಕ್ಕ ಕೈ ಹಚ್ಯಾನ ನೋಡ್ರಿ. ಎಷ್ಟು ಕಿತ್ರಿ?"

ಅದೇ ಸೀರೆ ತನಗೂ ಕೊಡಿಸಿಕೊಂಡು ಹೋದಳು. ಗಂಡನೂ ಜೊತೆಗೆ ಬಂದಿದ್ದ. ಈ ಸಲ ಕೈ ಗಲ್ಲದ ಮೇಲೇ ಇತ್ತು, ನೋವು ಖರೆ ಇತ್ತು.

ಅವತ್ತು ಸಂಜೆ ಚಾಚಾ ನನ್ನ ಬಳಿ ಬಂದರು. "ಅಕ್ಕಾರ, ಫೋನಿನ್ಯಾಗ ಏನರ ತಗೀರಿ. ನನ್ನ ಸೂಜಿ ಡಬ್ಬಿ ಮಾತ್ರ ತಗೀಬ್ಯಾಡ್ರಿ." ಮಾತು ಕೊಟ್ಟೆ. ಡೈರಿಯಲ್ಲೂ ಬರೆದೆ.

ನಮ್ಮ ಅಂಗಡಿಯ ವಿಶೇಷ

ಶೋರೂಮಿನವರು ಒಂದು ವಿಡಿಯೋ ಹಾಕಿದರು, ಲಿಫ್ಟಿನಲ್ಲಿ ಒಬ್ಬ ಚೆಲುವೆ ಸೀರೆ ಉಟ್ಟು ಮೇಲೆ ಹೋಗುವುದು. ನಮ್ಮ ಪೇಜಿನಲ್ಲಿ ಯಾರೋ ಬರೆದರು: "ನಿಮ್ಮಲ್ಲಿ ಏನೈತಿ ವಿಶೇಷ?"

ನನಗೆ ಅದು ತಾಗಿತು.

"ಅತ್ತಿ, ಬ್ರ್ಯಾಂಡ್ ಅಂದ್ರ ಒಂದು ಕಥಿ ಇರಬೇಕಾಗತೈತಿ," ಎಂದಳು ಸೊಸೆ. "ನೀವ ಹೇಳ್ರಿ. ನಿಮ್ಮಂಗ ಚಂದ ಮಾತಾಡೋರು ಈ ಓಣ್ಯಾಗ ಯಾರದಾರ?"

ಆ ಕೊನೆಯ ಮಾತಿಗೆ ನಾನು ಸೋತೆ. ಅಂದು ಶುಕ್ರವಾರ, ಚಾಚಾ ನಮಾಜಿಗೆ ಹೋಗಿದ್ದರು. ರೇಷ್ಮೆ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು, ಹಳೆಯ ಡೈರಿಗಳನ್ನು ಮುಂದಿಟ್ಟುಕೊಂಡು ಗಾದಿಯ ಮೇಲೆ ಕುಳಿತೆ. ಮೂರು ನಿಮಿಷ ಮಾತಾಡಿದೆ. ಒಂದು ತಪ್ಪಿಲ್ಲ, ಒಂದು ತಡವರಿಕೆ ಇಲ್ಲ. "ಲಿಫ್ಟನ್ನು ಯಾರು ಬೇಕಾದರೂ ಹಾಕಿಸಬಹುದು. ಆದರೆ ನಮ್ಮ ಒಂದೊಂದು ಸೀರೆಯ ಒಳಸೆರಗಿನಲ್ಲಿಯೂ ಮೂವತ್ತು ವರ್ಷದ ಜಾಣ್ಮೆಯಿದೆ" ಎಂದು ಆರಂಭಿಸಿ ಮೂರೂ ಬಣ್ಣ ವಿವರಿಸಿದೆ. ಸೂಜಿ ಡಬ್ಬಿ ತೋರಿಸಲಿಲ್ಲ. ಕೊಟ್ಟ ಮಾತಿಗೆ ತಪ್ಪಲಿಲ್ಲ ಎಂದೇ ನಾನು ಆಗ ತಿಳಿದಿದ್ದೆ.

ನಮ್ಮ ವಿಡಿಯೋವನ್ನು ಅಲ್ಲಿಯ ತನಕ ಯಾರೂ ಕೊನೆಯವರೆಗೆ ನೋಡಿರಲಿಲ್ಲ. ಇದನ್ನು ನೋಡಿದರು. ಸಂಜೆಯೊಳಗೆ ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಟ್ರಂಕು ತೆರೆಯದ ಹೆಂಗಸು ಉಳಿದಿರಲಿಲ್ಲ.

ಚಾಚಾ ಬಂದು ವಿಡಿಯೋ ನೋಡಿದರು, ಪೂರ್ತಿ. ಕೊನೆಗೆ ಒಂದೇ ಮಾತು ಕೇಳಿದರು: "ಹಸಿರೂ ಹೇಳಿದ್ರೇನ್ರಿ ಅಕ್ಕಾರ?"

ಮರುದಿನ ಅಂಗಡಿ ತುಂಬಿತು. ಕೊಳ್ಳಲು ಯಾರೂ ಬಂದಿರಲಿಲ್ಲ.

"ನಾ ಹಳದಿ ಅದೀನಿ. ನಮ್ಮ ನೆಗೆಣ್ಣಿ ಕೆಂಪು ಹೆಂಗಾದ್ಲು? ಅಕಿ ಏನು ಮಾಡ್ಯಾಳ ಆ ಮನಿಗಿ?"

"ಬೀಗಿತ್ತಿ ನನ್ನ ಕೈ ಹಿಡಿದು ಅತ್ತಿದ್ದಳ್ರಿ ಲಗ್ನದಾಗ. ನೋಡಿದ್ರ ಹಸಿರು!"

ಹಸಿರು ಕೊಟ್ಟವರು ಹಿಂಬಾಗಿಲಿನಿಂದ ಬಂದು ಕೆಂಪು ದಾರ ಬೇಡುತ್ತಿದ್ದರು. ರಾತ್ರೋರಾತ್ರಿ ಬಿಚ್ಚಿ ಹೊಲಿಯುವ ವಿಚಾರ. ಸಂಜೆಗೆ ಬೆಟಗೇರಿ ಪೇಟೆಯಲ್ಲಿ ಕೆಂಪು ದಾರದ ಒಂದು ಉಂಡೆ ಉಳಿಯಲಿಲ್ಲ. ಸೊಸೆ ವಿಡಿಯೋ ಅಳಿಸಿದಳು. ಅಷ್ಟರಲ್ಲಿ ಅದು ಎಲ್ಲರ ಸ್ಟೇಟಸ್ಸಿನಲ್ಲಿತ್ತು.

ನಾಲ್ಕನೇ ದಿನ ಮುಂಡರಗಿ ಬಸ್ಸಿನಿಂದ ನನ್ನ ನಾದಿನಿ ಇಳಿದಳು. ಯಜಮಾನರ ಒಬ್ಬಳೇ ತಂಗಿ. ಅವಳ ಲಗ್ನವಾದ ಮೇಲೆ ಈ ಟಾಕಾದ ಪದ್ಧತಿ ಬಂದದ್ದು, ಅವಳಿಗೆ ಗೊತ್ತಿರಲಿಲ್ಲ. ಕೈಯಲ್ಲಿ ಎರಡು ಚೀಲ. ಗಾದಿಯ ಮೇಲೆ ಕುಳಿತು ಸೀರೆಗಳನ್ನು ಒಂದೊಂದಾಗಿ ತೆಗೆದು, ಒಳಸೆರಗಿನ ಮೂಲೆ ಮೇಲೆ ಬರುವಂತೆ ಸಾಲಾಗಿ ಇಟ್ಟಳು. ಪಂಚಮಿಯವು, ಸೀಮಂತದ್ದು, ನನ್ನ ಮಗನ ಲಗ್ನದ್ದು. ಅವಳ ಅಣ್ಣ ತೀರಿಕೊಂಡ ವರ್ಷ ಕೊಟ್ಟದ್ದೂ ಇತ್ತು.

ಎಲ್ಲ ಹಸಿರು.

ಡೈರಿ ನೋಡುವ ಅಗತ್ಯವಿರಲಿಲ್ಲ. ಪ್ರತಿ ವರ್ಷ ನನ್ನ ಕೈಯಾರೆ ಬರೆದಿದ್ದೆ: ನಾದಿನಿ, ಹಸಿರು.

"ವೈನಿ," ಎಂದಳು, ದನಿ ಏರಿಸದೆ, "ಕಾಲೇಜು ಕಲ್ತೋರ ಕೆಲಸ ಬಲು ಕರಾರುವಾಕ್ಕು ನೋಡ್ರಿ. ಮೂವತ್ತು ವರ್ಷದಾಗ ಒಂದ ಸಲನೂ ತಪ್ಪಿಲ್ಲ."

ಚಾಚಾ ತಲೆ ಬಗ್ಗಿಸಿದರು.

"ಚಾಚಾ, ಒಂದು ಸೀರಿ ತೋರಸ್ರಿ. ನಮ್ಮ ವೈನಿಗಿ ಆಯೇರಿ ಮಾಡಬೇಕಾಗೇತಿ."

ಅವರು ಹಾಸಿದರು. ಅವಳು ಎಲ್ಲವನ್ನೂ ನಿಧಾನವಾಗಿ ನೋಡಿ, ನಾವು ಹಸಿರಿಗೆಂದೇ ಇಡುವ ಗಂಟಿನಿಂದ ಒಂದನ್ನು ಎತ್ತಿದಳು. ಚೀಟಿ ಬರೆಯಲು ಹೋದ ಚಾಚಾ ಅವರನ್ನು ತಡೆದು, "ಜೋರಾಗಿ ಹೇಳ್ರಿ. ಈಗ ಈ ಅಂಗಡ್ಯಾಗ ಎಲ್ಲಾ ಜೋರಾಗಿ ಹೇಳ್ತಾರಂತಲ್ಲ," ಎಂದಳು. ಹಣ ಎಣಿಸಿ ಇಟ್ಟಳು.

"ಟಾಕಾ ಹಾಕ್ರಿ."

"ಯಾವ ಬಣ್ಣ ಬೇಕ್ರಿ?" ಎನ್ನುತ್ತ ಚಾಚಾ ಸೂಜಿ ಡಬ್ಬಿ ತೆರೆದರು.

"ಅದನ್ನ ನಮ್ಮ ವೈನಿಗಿ ಕೇಳ್ರಿ. ಮೂರೂ ಬಾಯಿಪಾಠ ಅದಾವ ಅವ್ರಿಗಿ."

ಚಾಚಾ ನನ್ನ ಕಡೆ ನೋಡಿದರು. ಅಂಗಡಿಯಲ್ಲಿದ್ದ ಹೆಂಗಸರೆಲ್ಲ ನೋಡಿದರು. ನಾನೇ ಹೇಳಬೇಕಾಯಿತು. ಅವರು ಹೊಲಿದರು, ಹಲ್ಲಿನಿಂದ ದಾರ ಕಡಿದರು, ಸೂಜಿಯನ್ನು ಡಬ್ಬಿಯಲ್ಲಿಟ್ಟರು. ನಾದಿನಿ ಸೀರೆಯನ್ನು ನನ್ನ ಉಡಿಯಲ್ಲಿ ಹಾಕಿ, ಹಿರಿಯಳೆಂದು ಕಾಲು ಮುಟ್ಟಿ ನಮಸ್ಕರಿಸಿ, ಎರಡೂ ಚೀಲವನ್ನು ಅಲ್ಲೇ ಬಿಟ್ಟು ಬಸ್ಸಿಗೆ ಹೋದಳು.

ಗಾದಿಯ ಆ ಬದಿಯಲ್ಲಿ ಒಬ್ಬ ಹುಡುಗಿ ಫೋನು ಹಿಡಿದು ನಿಂತಿದ್ದಳು. ಅದೇ ನಮ್ಮ ಅಂಗಡಿಯ ಅತಿ ಹೆಚ್ಚು ಜನ ನೋಡಿದ ವಿಡಿಯೋ. ಸೀರೆ ಯಾವ ಅಂಗಡಿಯದು ಎಂದು ಹಲವರು ಕೇಳಿದ್ದಾರೆ.

ಈ ವರ್ಷದ ಏಪ್ರಿಲ್ ಹನ್ನೊಂದರ ಪುಟದಲ್ಲಿ ಹೀಗೆ ಬರೆದಿದ್ದೇನೆ: ಲಗ್ನದ ಜವಳಿ ಇಲ್ಲ. ಈ ಹಂಗಾಮಿನಲ್ಲಿ ಇನ್ನೂ ಒಂದೂ ಬಂದಿಲ್ಲ. ಹಳೆಯ ಮನೆಗಳೆಲ್ಲ ಗದಗಿನ ಶೋರೂಮಿಗೆ ಹೋಗುತ್ತಿವೆ, ಅಲ್ಲಿ ಯಾರ ಗುಟ್ಟೂ ಯಾರಿಗೂ ಗೊತ್ತಿಲ್ಲ. ಚಾಚಾ ಸೂಜಿ ಡಬ್ಬಿಯನ್ನು ನನ್ನ ಗಲ್ಲೆಯ ಮೇಲಿಟ್ಟು ಹೋದವರು ಲಕ್ಷ್ಮೇಶ್ವರದ ಮನೆಯಲ್ಲಿದ್ದಾರೆ. ನಾದಿನಿ ಹೋದ ವರ್ಷದ ಪಂಚಮಿಗೆ ಬರಲಿಲ್ಲ. ಡಬ್ಬಿಯಲ್ಲಿ ಉಂಡಿ ಕಳಿಸಿದ್ದೆ. ನಮ್ಮ ಕಡೆ ಡಬ್ಬಿಯನ್ನು ಖಾಲಿ ತಿರುಗಿಸುವ ಪದ್ಧತಿಯಿಲ್ಲ. ತೊಳೆದು, ಒರೆಸಿ, ಖಾಲಿ ಕಳಿಸಿದಳು.