ಕಾಕಾನ ಸುಪರ್ವೈಜು

ನಮ್ಮ ಮನೆಯ ಕಾಕಾ ನಾನು ಕಂಡಷ್ಟು ಕಾಲ ಒಂದೇ ಒಂದು ಕೆಲಸ ಮಾಡಿದವರಲ್ಲ. ಆದರೆ ಒಂದೇ ಒಂದು ದಿನ ರಜೆ ತೆಗೆದುಕೊಂಡವರೂ ಅಲ್ಲ! ಇದು ಹೇಗೆ ಸಾಧ್ಯ ಅಂತ ನೀವು ಕೇಳುತ್ತೀರಿ. ಕೇಳಿರಿ ಮಕ್ಕಳೇ, ನಾನೂ ಎಷ್ಟೋ ವರ್ಷ ಕೇಳಿಕೊಂಡೆ, ನನ್ನೊಳಗೇ. ಬಾಯಿ ಬಿಟ್ಟು ಕೇಳುವ ಧೈರ್ಯ ನನಗೆಲ್ಲಿತ್ತು?

ಅವರು ನಿಮ್ಮ ಅಜ್ಜನ, ಅಂದರೆ ನನ್ನ ಗಂಡನ, ಕಾಕಾ. ಹೆಂಡತಿ ತೀರಿಹೋಗಿ, ಮಕ್ಕಳಿಲ್ಲದೆ, ಹುಬ್ಬಳ್ಳಿಯಲ್ಲಿ ನಮ್ಮ ಜೊತೆಗೇ ಇದ್ದರು. ನನಗೆ ಸಣ್ಣ ಮಾವ ಆಗಬೇಕು. ಓಣಿಗೆಲ್ಲ ಅವರು ಕಾಕಾ, ಹಾಗಾಗಿ ಇಲ್ಲಿ ನಾನೂ ಹಾಗೇ ಬರೆಯುತ್ತೇನೆ. ಆಗ ಸೊಸೆಯಾದವಳು ಮಾವಂದಿರ ಎದುರಿಗೆ ಮಾತಾಡುವುದಿರಲಿ, ಕೆಮ್ಮುವುದೂ ಕಷ್ಟ. ಬಾಗಿಲ ಮರೆಯಲ್ಲಿ ನಿಲ್ಲಬೇಕು. ಹೇಳುವುದೇನಿದ್ದರೂ ಅತ್ತೆಯ ಕಿವಿಯಲ್ಲಿ ಹೇಳಬೇಕು, ಅತ್ತೆ ಅದನ್ನು ಅವರಿಗೆ ಮುಟ್ಟಿಸಬೇಕು. ನಾನು ನಾಲ್ಕು ಮಾತು ಹೇಳಿದರೆ ಅತ್ತೆ ಎರಡೇ ದಾಟಿಸುತ್ತಿದ್ದರು. ಉಳಿದವು ಎಲ್ಲಿ ಹೋದವೋ!

ನಿಮ್ಮ ಅಜ್ಜ ಹರೆಯದಲ್ಲೇ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಕನ್ನಡ ಸಾಲೆಗೆ ಹೋಗುತ್ತಿದ್ದ ಹುಡುಗಿ. ನನ್ನ ಅಣ್ಣ ಬಂದು "ಊರಿಗೆ ನಡಿ" ಅಂದ. ನಮ್ಮೂರ ಸಾಲೆ ಎಷ್ಟರ ಮಟ್ಟಿಗಿತ್ತು ಅಂದರೆ, ನಾನು ಓದಿದ್ದೇ ಅದರ ಕೊನೆ. ಮಗಳನ್ನು ಅಲ್ಲಿಗೆ ಕರೆದೊಯ್ದರೆ ಅವಳ ಓದೂ ನನ್ನ ಓದು ನಿಂತಲ್ಲೇ ನಿಲ್ಲುತ್ತದೆ ಅಂತ ನನಗೆ ಖಾತ್ರಿ ಇತ್ತು. ಅತ್ತೆಯ ಕಿವಿಯಲ್ಲಿ ಹೇಳಿದೆ: "ನನಗ ರೊಟ್ಟಿ ಬಡಿಯಾಕ ಬರ್ತದ. ಮುಂದಿನ ಪಡಸಾಲ್ಯಾಗ ಒಂದು ಖಾನಾವಳಿ ಹಾಕೂಣು." ಆ ಒಂದು ಸಲ ಮಾತ್ರ ಅತ್ತೆ ನನ್ನ ಮಾತನ್ನು ಪೂರಾ ದಾಟಿಸಿದರು.

ಅಣ್ಣ ಮುಖ ಗಂಟು ಹಾಕಿಕೊಂಡು ಹೇಳಿದ: "ಗಂಡಸರು ಬಂದು ಉಣ್ಣೂ ಮನಿ. ಇವಳ ಬಗ್ಗೆ ಒಂದ ಒಂದು ಮಾತು ಕಿವಿಗೆ ಬಿದ್ರ, ಅವತ್ತ ಬಂದು ತಾಯಿ ಮಗಳನ್ನ ಕರಕೊಂಡು ಹೋಗ್ತೇನಿ ನೋಡ್ರಿ." ಹೀಗಾಗಿ ಕಟ್ಟಳೆ ಆಯಿತು. ನಾನು ಒಳಗೆ ರೊಟ್ಟಿ ಬಡಿಯಬೇಕು, ಅತ್ತೆ ಹೊರಗೆ ಬಡಿಸಬೇಕು, ನನ್ನ ನೆರಳೂ ಪಡಸಾಲೆಯಲ್ಲಿ ಬೀಳಬಾರದು.

ಸರಿ, ಕಾಕಾ ಏನು ಮಾಡಬೇಕು? ಅದನ್ನು ಯಾರೂ ಹೇಳಬೇಕಾಗಲಿಲ್ಲ. "ನಾ ಸುಪರ್ವೈಜ್ ಮಾಡ್ತೇನಿ" ಅಂತ ಅವರೇ ಕುರ್ಚಿ ಎಳೆದುಕೊಂಡರು.

ಈ ಶಬ್ದ ಅವರಿಗೆ ಅಂಟಿಕೊಂಡ ಕಥೆಯನ್ನು ಅತ್ತೆ ನನಗೆ ಹೇಳಿದ್ದರು. ಹರೆಯದಲ್ಲಿ ಕಾಕಾ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಗಾಡಿಗಳಿಂದ ಹತ್ತಿ ಇಳಿಸುವ ಕೆಲಸಕ್ಕಿದ್ದರಂತೆ. ಒಂದು ಮಧ್ಯಾಹ್ನ ಸಾಹೇಬರು ಊಟಕ್ಕೆ ಹೊರಟವರು ಇವರನ್ನು ಕರೆದು, "ನಾ ಬರೂತನಕಾ ನೀ ಸುಪರ್ವೈಜ್ ಮಾಡು" ಅಂದರಂತೆ. ಹಾಗಂದರೇನು ಅಂತ ಕೇಳಲು ಕಾಕಾ ಬಾಯಿ ತೆರೆಯುವುದರೊಳಗೆ ಸಾಹೇಬರ ಟಾಂಗಾ ಹೊರಟೇಹೋಗಿತ್ತು. ಸಾಹೇಬರು ಏನು ಮಾಡುತ್ತಿದ್ದರು? ಕೈ ಹಿಂದೆ ಕಟ್ಟಿಕೊಂಡು ನಿಂತು ನೋಡುತ್ತಿದ್ದರು. ಕಾಕಾನೂ ಹಾಗೇ ನಿಂತರು. ಆ ಸಾಹೇಬರಿಗೆ ಅಂದೇ ಬೇರೆ ಊರಿಗೆ ಕರೆ ಬಂದು, ಅವರು ತಿರುಗಿ ಬರಲೇ ಇಲ್ಲ! ಹೊಸ ಸಾಹೇಬರು ಬಂದು "ಯಾಕೋ ನಿಂತಿ? ಹತ್ತಿ ಇಳಸು" ಅಂದರೆ, ಕಾಕಾ "ನಿಲ್ಲಿಸಿದವರು ಬಂದು ಬಿಡಸ್ಲಿರಿ" ಅಂದರಂತೆ. ಕೆಲಸ ಹೋಯಿತು. ಸುಪರ್ವೈಜು ಉಳಿಯಿತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಕಾಕಾ ಸುಪರ್ವೈಜ್ ಮಾಡದ ಕೆಲಸವೇ ಇಲ್ಲ. ಬಾವಿಯ ನೀರು ಸೇದುವಾಗ ಒಂದು ಕುರ್ಚಿ, ಮಾಳಿಗೆಗೆ ಮಣ್ಣು ಹಾಕುವಾಗ ಒಂದು ಕುರ್ಚಿ. ಎಮ್ಮೆ ಈದಾಗಲೂ ಎದುರಿಗೆ ಕುರ್ಚಿ ಹಾಕಿಕೊಂಡು ಕೂತರು. ಪಾಪ, ಅದು ನಾಚಿ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಿತು!

ಖಾನಾವಳಿ ಸುರುವಾದ ಬೇಸಿಗೆಯಲ್ಲಿ ಅತ್ತೆ ಅಂಗಳದ ತುಂಬ ಸಂಡಿಗೆ ಒಣಹಾಕಿ, "ನೋಡ್ಕೋತ ಇರ್ರಿ" ಅಂತ ಕಾಕಾನಿಗೆ ಹೇಳಿ ಒಳಗೆ ಬಂದರು. ಮತ್ತೆ ಹೊರಗೆ ಹೋಗಿ ನೋಡಿದರೆ ಸಂಡಿಗೆ ಇಲ್ಲ, ಒಂದು ಆಡು ಬಾಯಿ ಸವರಿಕೊಳ್ಳುತ್ತ ನಿಂತಿದೆ, ಕಾಕಾ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ.

"ಅಯ್ಯ ಶಿವನ! ಆಡು ಬಂದದ್ದು ಕಾಣಲಿಲ್ಲೇನ್ರಿ ನಿಮಗ?"

"ಕಾಣ್ತಲ್ರಿ ವೈನಿ. ಹಿತ್ತಲ ಕಡಿಂದ ಬಂತು. ಮೊದಲ ಅಂಚಿನವು ತಿಂತು, ಆಮ್ಯಾಲೆ ನಡುವಿನವು. ಈ ಸಲ ಖಾರ ಕಡಿಮಿ ಹಾಕೀರಿ ಕಾಣಸ್ತದ. ಅದು ಒಮ್ಮಿನೂ ಕೆಮ್ಮಲಿಲ್ಲ."

"ಓಡಸಬಾರದಿತ್ತೇನು?"

"ನಾ ಆಡಿನ ಹಿಂದ ಓಡಿದ್ರ, ಇಲ್ಲೆ ಸುಪರ್ವೈಜ್ ಮಾಡೂರು ಯಾರ್ರಿ?"

ಅತ್ತೆ ತಾವೇ ಆಡನ್ನು ಅಟ್ಟಿಕೊಂಡು ಹೋದರು. ಬಾಗಿಲ ಹಿಂದಿದ್ದ ನನಗೆ ಯೋಚಿಸಿದಷ್ಟೂ ಅವರು ಹೇಳಿದ್ದೇ ಸರಿಯೇನೋ ಅನ್ನಿಸತೊಡಗಿತು. ಭಯವಾಗಿ ಯೋಚಿಸುವುದನ್ನೇ ಬಿಟ್ಟೆ.

ಈ ಶಬ್ದದ ಅರ್ಥ ಕಂಡುಹಿಡಿಯಲು ನಮ್ಮ ಖಾನಾವಳಿಯಲ್ಲಿ ದೊಡ್ಡ ಪ್ರಯತ್ನ ನಡೆದದ್ದೂ ಉಂಟು. ದಿನಾ ಉಣ್ಣಲು ಬರುವ ಒಬ್ಬ ಮಾಸ್ತರರು ಒಂದು ದಿನ ರೊಟ್ಟಿ ಮುರಿಯುತ್ತ, "ಕಾಕಾ, ಅದಕ್ಕ ಕನ್ನಡದಾಗ ಉಸ್ತುವಾರಿ ಅಂತಾರ" ಅಂದರು.

"ಉಸ್ತುವಾರಿ ಮಾಡೂರು ನಡುನಡುವ ಕೈ ಹಚ್ಚತಾರ್ರೀ ಮಾಸ್ತರ. ನಾ ಹಚ್ಚೂದಿಲ್ಲ."

"ಹಂಗಾರ ಮೇಲ್ವಿಚಾರಣಿ ಅನ್ನೂಣು."

"ವಿಚಾರಣಿ ಕೋರ್ಟಿನ್ಯಾಗ ಆಗ್ತದ. ನಾ ಯಾರ ಮ್ಯಾಲೂ ಖಟ್ಲೆ ಹಾಕಿಲ್ಲ."

ಅಂಗಳದಲ್ಲಿ ನಮ್ಮ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಸಾಬರು ತಿದಿ ಒತ್ತುವುದನ್ನು ನಿಲ್ಲಿಸಿ, "ನಮ್ಮ ಮಂದಿ ನಿಗರಾನಿ ಅಂತೀವಿ ಕಾಕಾ. ಆದರ ನಿಗರಾನಿ ಮಾಡಾಂವಗ ಪಗಾರ ಇರ್ತೈತಿ" ಅಂದರು.

"ಪಗಾರ ಇಲ್ಲಂತನ ಇಂಗ್ಲಿಷ್ ಹೆಸರು ಇಟ್ಟಾರ" ಅಂದರು ಕಾಕಾ.

ಪಡಸಾಲೆಯೆಲ್ಲ ನಕ್ಕಿತು. ನಾನು ಮಾತ್ರ ಒಲೆಯ ಮುಂದೆ ಗಲಿಬಿಲಿಯಾಗಿ ಕೂತೆ. ಕೈ ಹಚ್ಚಬಾರದು, ಬಿಟ್ಟೂ ಹೋಗಬಾರದು. ಹಾಗಾದರೆ ಅದು ಎಂಥ ಕೆಲಸ? ಮನಸ್ಸಿನಲ್ಲೇ ಆ ಶಬ್ದವನ್ನು ಬಳಸಿ ನೋಡಿದೆ. ಬೆಕ್ಕು ನೆಲುವಿನ ಹಾಲನ್ನು ಸುಪರ್ವೈಜ್ ಮಾಡುತ್ತದೆ. ಸರಿಯೋ? ಇಲ್ಲ, ಬೆಕ್ಕಿಗೆ ಕೈ ಹಚ್ಚುವ ಆಸೆ ಇದೆ. ದೇವರು ನಮ್ಮನ್ನು ಸುಪರ್ವೈಜ್ ಮಾಡುತ್ತಾನೆ. ಇದು ಎಷ್ಟು ಸರಿಯಾಗಿ ಹೊಂದಿತು ಅಂದರೆ, ಹೆದರಿ ಗಲ್ಲ ಗಲ್ಲ ಬಡಿದುಕೊಂಡೆ!

ಇನ್ನೊಂದು ಗೊಂದಲ ಅವರ ಕುರ್ಚಿಯದು. ಅದನ್ನು ಅವರು ಅಡಿಗೆಮನೆಯ ಬಾಗಿಲಿಗೆ ಅಡ್ಡವಾಗಿ ಹಾಕಿಕೊಳ್ಳುತ್ತಿದ್ದರು. ಮುಖ ಉಣ್ಣುವವರ ಕಡೆ, ಬೆನ್ನು ನನ್ನ ಕಡೆ. ಕೆಲಸ ನಡೆಯುವುದು ಒಳಗೆ, ಇವರು ನೋಡುವುದು ಹೊರಗೆ. ಬೆನ್ನಿನಿಂದ ಯಾರಾದರೂ ಸುಪರ್ವೈಜ್ ಮಾಡುತ್ತಾರೆಯೇ? ಅತ್ತೆಗಂತೂ ಪ್ರತಿ ಸಲ ರೊಟ್ಟಿ ಬುಟ್ಟಿ ಹಿಡಿದು ಆ ಕುರ್ಚಿಯನ್ನು ಸುತ್ತುಹಾಕಿ ಹೋಗುವುದೇ ಒಂದು ಶಿಕ್ಷೆ. "ಒಂಚೂರು ಸರೀರಿ" ಅಂದರೆ "ನೀವ ಸರದು ಹೋಗ್ರಿ ವೈನಿ" ಅನ್ನುತ್ತಿದ್ದರು. ಆ ಕುರ್ಚಿಯನ್ನು ಒಲೆಗೆ ಹಾಕಿ ಅದರ ಮೇಲೆ ಝುಣಕ ಮಾಡಬೇಕು ಅಂತ ಅತ್ತೆ ಎಷ್ಟು ಸಲ ಹೇಳಿದರೋ!

ಮಳೆಗಾಲದಲ್ಲಿ ಅತ್ತೆ ಜ್ವರ ಬಂದು ಮಲಗಿದರು. ಮಧ್ಯಾಹ್ನದ ಪಂಕ್ತಿ ಕೂತಿತ್ತು. ತಾಟು, ನೀರು ಉಣ್ಣುವವರೇ ಇಟ್ಟುಕೊಂಡಿದ್ದಾರೆ, ಬಡಿಸುವವರಿಲ್ಲ. ಹಸಿದ ಗಂಡಸರು ಒಂದು ದಿನ ಎದ್ದು ಹೋದರೆ ಮರುದಿನ ಬೇರೆ ಖಾನಾವಳಿ ಹಿಡಿಯುತ್ತಾರೆ. ನಾನು ಹೊರಗೆ ಬಂದರೆ ಅಣ್ಣನ ಕಿವಿಗೆ ಏನು ಬೀಳುತ್ತದೋ. ಎರಡರಲ್ಲಿ ಯಾವುದಾದರೂ ಮಗಳ ಸಾಲೆಗೇ ಕುತ್ತು.

ಉಳಿದದ್ದು ಒಂದೇ ದಾರಿ. ರೊಟ್ಟಿ ಬುಟ್ಟಿಯನ್ನು ಮೆಲ್ಲಗೆ ಹೊಸ್ತಿಲ ಮೇಲೆ, ಕಾಕಾನ ಕುರ್ಚಿಗೆ ತಾಗುವ ಹಾಗೆ ಸರಿಸಿದೆ. ಇಂದಾದರೂ ಏಳುತ್ತಾರೆ, ಬಡಿಸುತ್ತಾರೆ ಅಂತ. ಕಾಕಾ ಬುಟ್ಟಿಯನ್ನು ನೋಡಿದರು. ಮುಟ್ಟಲಿಲ್ಲ! ನನಗೆ ಎಂಥ ಸಿಟ್ಟು ಬಂತು ಅಂತೀರಿ! ಮನೆ ಮುಳುಗುತ್ತಿದೆ, ಈ ಮನುಷ್ಯನಿಗೆ ಇನ್ನೂ ಸುಪರ್ವೈಜೇ?

ಆಗ ಅವರು ಎದ್ದರು. ಕುರ್ಚಿಯನ್ನು ಬಾಗಿಲಿನಿಂದ ಪಕ್ಕಕ್ಕೆ ಎಳೆದರು. ಹಿಂದಕ್ಕೆ ತಿರುಗದೆ, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು:

"ಹೊರಗ ಬಾರವಾ. ಇವತ್ತು ನಾ ಬಡಿಸಿದ್ರ ನಾಳಿಗೂ ನೀ ಒಳಗ ಉಳೀತಿ. ಈ ಮಂದಿ ಕಣ್ಣು ಇಷ್ಟ ದಿನಾ ಕೂತು ನೋಡೇನಿ. ಕೆಟ್ಟ ಕಣ್ಣಿನಾಂವ ಒಬ್ಬನೂ ಇಲ್ಲ. ಇದ್ದೊಂದಿಬ್ಬರನ್ನ ಯಾವಾಗೋ ಕಳಿಸೇನಿ."

ಯಾರನ್ನು, ಯಾವಾಗ ಕಳಿಸಿದ್ದರು? ನನಗಾಗಲಿ ಅತ್ತೆಗಾಗಲಿ ಗೊತ್ತೇ ಇರಲಿಲ್ಲ.

ಆಮೇಲೆ ಪಂಕ್ತಿಯ ಕಡೆ ದನಿ ಎತ್ತಿದರು: "ಎಲ್ಲಾರೂ ತಾಟ ನೋಡ್ರಿ!"

ಎಲ್ಲ ತಲೆಗಳೂ ಒಮ್ಮೆಲೇ ಬಗ್ಗಿದವು. ಮಾಸ್ತರರು ಎಷ್ಟು ಬಗ್ಗಿದರೆಂದರೆ ಅವರ ಟೊಪ್ಪಿಗೆ ತಾಟಿನಲ್ಲೇ ಬಿತ್ತು. ಬಿದ್ದದ್ದನ್ನು ಎತ್ತಲೂ ಅವರು ತಲೆ ಎತ್ತಲಿಲ್ಲ, ಪುಣ್ಯಾತ್ಮರು. ನಾನು ಸೆರಗು ಎಳೆದುಕೊಂಡು ಹೊಸ್ತಿಲು ದಾಟಿದೆ. ಸೆರಗಿನ ಮರೆಯಲ್ಲಿ ತಾಟು ಕಾಣದೆ ಒಂದು ರೊಟ್ಟಿ ಯಾರದೋ ಮೊಣಕಾಲ ಮೇಲೆ ಬಿತ್ತು. ಅವರು ಅದನ್ನೇ ತೆಗೆದುಕೊಂಡು ಉಂಡರು.

ಅಣ್ಣನ ಕಿವಿಗೆ ಯಾವ ಮಾತೂ ಬೀಳಲಿಲ್ಲ. ಖಾನಾವಳಿ ನಡೆಯಿತು, ನಿಮ್ಮ ಅವ್ವ ಓದಿದಳು, ಅದು ನಿಮಗೆ ಗೊತ್ತಿದ್ದದ್ದೇ. ಆ ಇಂಗ್ಲಿಷ್ ಶಬ್ದದ ಅರ್ಥ ಮಾತ್ರ ನನಗೆ ಇವತ್ತಿಗೂ ಕನ್ನಡದಲ್ಲಿ ಹೇಳಲು ಬಾರದು.

ಅವತ್ತು ನಾನು ಬಡಿಸುತ್ತ ಪಂಕ್ತಿಯ ಕೊನೆಗೆ ಬಂದಾಗ ಕಾಕಾ ನನ್ನ ಕಡೆ ನೋಡದೆಯೇ ಅಂದರು: "ಮಾಸ್ತರಿಗೆ ಚಟ್ನಿ ಬಿದ್ದಿಲ್ಲ."

ಅತ್ತೆ ಮಲಗಿದ್ದರು. ನನ್ನ ಮಾತು ದಾಟಿಸುವವರು ಯಾರೂ ಇರಲಿಲ್ಲ.

"ಹಾಕ್ತೇನ್ರಿ ಮಾವಾರ," ಅಂದೆ.

ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರ ಜೊತೆ ನಾನು ಆಡಿದ ಮೊದಲ ಮಾತು ಅದು. ಕಾಕಾ ಹೆಗಲ ಮೇಲಿನ ವಸ್ತ್ರ ತೆಗೆದು ಬಹಳ ಹೊತ್ತು ಮುಖ ಒರೆಸಿಕೊಂಡರು. ಒರೆಸಿಕೊಂಡು, "ಲಗೂ ಹಾಕವಾ, ರೊಟ್ಟಿ ಆರಾಕತ್ತಾವು" ಅಂದರು.